ಅತ್ತಿಗೆಯ ಎರಡನೇ ಸೀರೆ

ಹೋದ ಭಾನುವಾರ ನಮ್ಮ ಮನೆಯಲ್ಲಿ ನಡೆದ ಮೊಟ್ಟಮೊದಲ ಡಿನ್ನರ್ ಪಾರ್ಟಿಯಲ್ಲಿ ಮುಖ್ಯ ಅತಿಥಿ ಅಡುಗೆಮನೆಯಲ್ಲಿ ನಿಂತುಕೊಂಡು ಊಟ ಮಾಡಿದರು. ತಟ್ಟೆಯಲ್ಲೂ ಅಲ್ಲ, ಪಾತ್ರೆಯ ಮುಚ್ಚಳದಲ್ಲಿ!

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಬೇಡಿ. ಪಟ್ಟಿ ಉದ್ದವಿದೆ, ಅದರಲ್ಲಿ ನನ್ನ ಹೆಸರೂ ಇದೆ. ಮೊದಲಿನಿಂದಲೇ ಹೇಳಿಬಿಡುತ್ತೇನೆ.

ಕೊಡಗಿನ ಸಿದ್ದಾಪುರದಲ್ಲಿ ನಾವು ಸ್ವಂತ ಮನೆಗೆ ಬಂದು ಒಂದು ವರ್ಷವಾಯಿತು. ಅದಕ್ಕೂ ಮೊದಲು ಇದ್ದದ್ದು ಎಸ್ಟೇಟ್ ಕ್ವಾರ್ಟರ್ಸಿನಲ್ಲಿ. ನಮ್ಮವರು ಅಲ್ಲಿ ರೈಟರ್. (ಅಂದರೆ ಕಾಫಿ ಪಿಕಿಂಗ್ ನೋಡಿಕೊಳ್ಳುವ ರೈಟರ್. ಮನೆಯಲ್ಲಿ ಇಬ್ಬರು ರೈಟರ್‌ಗಳಿದ್ದೇವೆ, ಜನ ಮಾತು ಕೇಳುವುದು ಅವರದ್ದು ಮಾತ್ರ.) ಕ್ವಾರ್ಟರ್ಸಿನಲ್ಲಿ ನಾಲ್ಕು ಜನ ಕೂತರೆ ಐದನೆಯವರು ಹೊಸಿಲಾಚೆ. ಹಾಗಾಗಿ ಊಟಕ್ಕೆಂದು ಯಾರನ್ನೂ ಕರೆದೇ ಇರಲಿಲ್ಲ.

ಪಾರ್ಟಿಗೆ ಒಂದು ವಾರ ಮೊದಲು ಗೃಹಪ್ರವೇಶದ ಫೋಟೋ ಆಲ್ಬಮ್ ತೆಗೆದು ನೋಡುತ್ತಿದ್ದೆ. ದೂರದ ನೆಂಟರಿದ್ದಾರೆ, ಪೇಂಟ್ ಹೊಡೆದವರಿದ್ದಾರೆ, ಪಕ್ಕದ ಮನೆಯ ನಾಯಿಯೂ ಇದೆ. ನಮ್ಮ ದೇವಕಿ ಅತ್ತಿಗೆ ಇಲ್ಲ! ಪುಟ ಪುಟ ತಿರುವಿ ಹುಡುಕಿದೆ. ಕೊನೆಗೆ ಒಂದು ಫೋಟೋದ ಅಂಚಿನಲ್ಲಿ ಸೌಟು ಹಿಡಿದ ಕೈಯೊಂದು ಸಿಕ್ಕಿತು. ಬಳೆ ನೋಡಿ ಗುರುತು ಹಿಡಿದೆ.

ದೇವಕಿ ಅತ್ತಿಗೆ ನಮ್ಮವರ ಸ್ವಂತ ಅಕ್ಕ. ಕರಿಕೆಯಲ್ಲಿದ್ದಾರೆ. ಬಳಗದಲ್ಲಿ ಮದುವೆಯಿರಲಿ, ನಾಮಕರಣವಿರಲಿ, ತಿಥಿಯಿರಲಿ, ಎಲ್ಲರಿಗೂ ಕಾರ್ಡ್ ಹೋಗುತ್ತದೆ, ಅತ್ತಿಗೆಗೆ ಫೋನ್ ಹೋಗುತ್ತದೆ. “ದೇವಕ್ಕಾ, ನೀವು ಎರಡು ದಿನ ಮೊದಲೇ ಬನ್ನಿ. ನೀವು ಮನೆಯವರಲ್ವಾ?” ಆಹಾ, ಎಂಥ ಪ್ರೀತಿ! ಮನೆಯವರು ಎಂದರೆ ಕಾಯಿ ತುರಿಯುವುದಕ್ಕೆ ಮೊದಲು ಕೂರಬೇಕು, ಊಟಕ್ಕೆ ಕೊನೆಯಲ್ಲಿ ಕೂರಬೇಕು. ಅಷ್ಟು ಹೊತ್ತಿಗೆ ಪಾಯಸ ಮುಗಿದಿರುತ್ತದೆ.

ಆಲ್ಬಮ್ ಮುಚ್ಚಿಟ್ಟು ತೀರ್ಮಾನ ಮಾಡಿದೆ. ನಮ್ಮ ಮನೆಯ ಮೊದಲ ಡಿನ್ನರ್ ಪಾರ್ಟಿಗೆ ಅತ್ತಿಗೆಯೇ ಮುಖ್ಯ ಅತಿಥಿ. ಅವರು ಕುರ್ಚಿಯಲ್ಲಿ ಕೂರಬೇಕು. ಬಿಸಿಬಿಸಿಯಾಗಿ, ಎಲ್ಲರ ಜೊತೆ ಉಣ್ಣಬೇಕು. ಇಷ್ಟೇ ನನ್ನ ಆಸೆ.

ಕ್ಯಾಲೆಂಡರಿನ ಹಿಂದೆ ಪ್ಲಾನ್ ಬರೆದೆ. ನಮ್ಮವರ ಮ್ಯಾನೇಜರ್ ಮತ್ತು ಅವರ ಹೆಂಡತಿ, ಎಸ್ಟೇಟ್ ಆಫೀಸಿನ ಇನ್ನೊಂದು ದಂಪತಿ, ನನ್ನ ಕಾಲೇಜಿನ ಗೆಳತಿ ಮತ್ತು ಅವಳ ಗಂಡ. ಆರು ಜನ. ಅತ್ತಿಗೆ, ನಮ್ಮವರು ಸೇರಿ ಎಂಟು. ಟೇಬಲ್ಲಿಗೆ ಎಂಟು ಕುರ್ಚಿ. ಬಡಿಸುವವಳು ನಾನು. ಎಷ್ಟು ಚೊಕ್ಕ ಅಲ್ವಾ?

ಅತ್ತಿಗೆಗೆ ಫೋನ್ ಮಾಡಿದೆ. “ಭಾನುವಾರ ಊಟಕ್ಕೆ ಬನ್ನಿ ಅತ್ತಿಗೆ. ಸಾಯಂಕಾಲ ಬಂದ್ರೆ ಸಾಕು.”

“ಸಾಯಂಕಾಲವಾ? ಮತ್ತೆ ಕೆಲಸಕ್ಕೆ ಯಾರುಂಟು?”

“ನಾನೇ ಇದ್ದೀನಲ್ಲ!”

“ಹೌದಾ?” ಎಂದರು. ಆ ಹೌದಾದಲ್ಲಿ ನಂಬಿಕೆ ಒಂದು ಚೂರೂ ಇರಲಿಲ್ಲ.

ಮೆನು ಕೋಳಿ ಸಾರು, ಎಳೆ ಬಿದಿರಿನ ಕಳಲೆ ಪಲ್ಯ, ಕಡಂಬುಟ್ಟು. ಕಡಂಬುಟ್ಟು ಗೊತ್ತಲ್ಲ, ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿ ಇಡುವುದು. ನಮ್ಮವರು ಮೆಲ್ಲಗೆ, “ಚಪಾತಿ ಮಾಡಿಬಿಡೇ” ಎಂದರು. ನನಗೆ ರೇಗಿತು. ನಾನು ಮುದ್ದೆ ಉಣ್ಣುವ ಕುಶಾಲನಗರದ ಕಡೆಯವಳಾದರೇನು, ತಾತ ಹಾಸನದಿಂದ ಬಂದವರಾದರೇನು, ಕಡಂಬುಟ್ಟು ಏನು ಆಕಾಶದಿಂದ ಇಳಿದದ್ದಾ? ಶುಕ್ರವಾರ ಇಬ್ಬರಿಗಾಗುವಷ್ಟು ಮಾಡಿ ನೋಡಿದೆ. ಚೆನ್ನಾಗಿಯೇ ಬಂತು. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಮಧ್ಯಾಹ್ನ ಅತ್ತಿಗೆ ಎರಡು ಬಸ್ಸು ಬದಲಿಸಿ ಬಂದಿಳಿದರು. ನಮ್ಮವರು ಕೊಡಿಸಿದ್ದ ತಿಳಿಹಳದಿ ಸೀರೆ ಉಟ್ಟಿದ್ದರು, ಮೊದಲ ಸಲ. ಬ್ಯಾಗಿನಿಂದ ಒಂದೊಂದೇ ತೆಗೆದರು. ಮನೆಯಲ್ಲೇ ಮಾಡಿದ ಅಕ್ಕಿ ತರಿ. ಸಾರಿನ ಹುಳಿಗೆ ಒಂದು ಬಾಟಲಿ ಕಾಚಂಪುಳಿ. ಕೊನೆಗೆ ಒಂದು ಹಳೇ ನೂಲಿನ ಸೀರೆ.

“ಇದ್ಯಾಕೆ ಅತ್ತಿಗೆ?”

“ಇರ್ಲಿ. ಬೇಕಾಗ್ತದೆ.”

ಬೇಕಾಗುತ್ತದಾ? ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. “ಇವತ್ತು ನೀವು ಗೆಸ್ಟು. ಅಡುಗೆಮನೆ ಕಡೆ ತಲೆ ಹಾಕ್ಬಾರ್ದು!” ಅತ್ತಿಗೆ ನಕ್ಕು ಸೋಫಾದ ತುದಿಯಲ್ಲಿ ಕೂತರು, ಬಸ್ಸಿಗೆ ಕಾಯುವವರ ಹಾಗೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು.

ಸಂಜೆ ಆರೂವರೆಗೆ ಎಡವಟ್ಟಾಯಿತು. ದೊಡ್ಡ ಪಾತ್ರೆಗೆ ತರಿ ಸುರಿದೆ. ಗಂಟಾಗುತ್ತದೇನೋ ಎಂದು ಭಯವಾಯಿತು. ರಾಗಿ ಮುದ್ದೆ ಕೂಡಿಸಿ ಬೆಳೆದ ಕೈ ಸುಮ್ಮನಿರುತ್ತದಾ? ಮುದ್ದೆ ಕೋಲು ತಂದು ತಿರುವಿದೆ. ತಿರುವಿದೆ, ಇನ್ನೂ ತಿರುವಿದೆ. ಕೆಳಗಿಳಿಸಿ ನೋಡಿದರೆ ಅಂಟು! ಗೋಡೆಗೆ ಪೋಸ್ಟರ್ ಹಚ್ಚಬಹುದಿತ್ತು.

ಆಗ ನನ್ನ ಬಾಯಿಂದ ಬಂದ ಮಾತು ಏನು ಗೊತ್ತಾ? “ಅತ್ತಿಗೇ, ಒಂದೇ ಒಂದು ನಿಮಿಷ ಬರ್ತೀರಾ?”

ಕರೆದದ್ದು ಬೇರೆ ಯಾರೂ ಅಲ್ಲ, ನಾನೇ.

ಅತ್ತಿಗೆ ಬಂದು ಇಣುಕಿದರು. “ಅಯ್ಯೋ ಮಾರಾಯ್ತಿ, ತರಿಗೆ ಮುದ್ದೆ ಕೋಲು ಹಾಕುವುದಾ? ಮುಚ್ಚಿಟ್ಟು ಸಣ್ಣ ಬೆಂಕಿಯಲ್ಲಿ ಬಿಡ್ಬೇಕು, ಅಷ್ಟೆ. ನಾನು ತಂದ ತರಿ ಉಂಟಲ್ಲ, ಎತ್ತು. ನನ್ನ ಹಳೇ ಸೀರೆ ಒಮ್ಮೆ ಕೊಡು.”

ಕೊಡಲು ತಿರುಗಿದೆ, ಬೆಲ್ ಆಯಿತು. ಏಳು ಗಂಟೆಗೆ ಬನ್ನಿ ಎಂದರೆ ಆರು ಮುಕ್ಕಾಲಿಗೇ ಬರುವ ಜನ ಇದ್ದಾರಲ್ಲ, ಅವರು! ಓಡಿದೆ. ಹಳೇ ಸೀರೆ ಬೀರುವಿನಲ್ಲೇ ಉಳಿಯಿತು, ಬೀಗದ ಕೈ ನನ್ನ ಸೊಂಟದಲ್ಲಿ.

ಮ್ಯಾನೇಜರ್ ಜೊತೆ ಅವರ ಹೆಂಡತಿ. ಹೆಂಡತಿಯ ಹಿಂದೆ ಇನ್ನೊಬ್ಬ ಗಂಡಸು. “ನಮ್ಮ ಭಾವಮೈದ. ಊರಿಂದ ಬಂದಿದ್ರು, ಒಟ್ಟಿಗೆ ಕರ್ಕೊಂಡು ಬಂದೆ. ತೊಂದ್ರೆ ಇಲ್ಲ ಅಲ್ವಾ?” ಎಂದರು ಮ್ಯಾನೇಜರ್. ಒಂದು ಫೋನ್ ಮಾಡಲು ಇವರಿಗೇನಾಗಿತ್ತು? ಭಾವಮೈದರು ಸೀದಾ ಹೋಗಿ ಅತ್ತಿಗೆಯ ಕುರ್ಚಿಯಲ್ಲಿ ಕೂತರು.

ಉಳಿದವರೂ ಬಂದು ಕೂತರು. ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಇತ್ತು. ತರಲು ಹತ್ತು ಹೆಜ್ಜೆ. ನಮ್ಮವರು ಏಳಲಿಲ್ಲ. ನಾನು? ಕೋಸಂಬರಿ ಬಡಿಸುತ್ತಿದ್ದೆ. ಅತ್ತಿಗೆ ಹೇಗೂ ಒಳಗಿದ್ದಾರಲ್ಲ, ಆಮೇಲೆ ತಂದರಾಯಿತು ಅಂದುಕೊಂಡೆ. ಈ ಆಮೇಲೆ ಎಂಬುದು ಎಷ್ಟು ಜನರ ಊಟವನ್ನು ತಣ್ಣಗೆ ಮಾಡಿದೆಯೋ!

ಊಟ ಶುರುವಾಯಿತು. ಬಿಸಿ ಕಡಂಬುಟ್ಟು ಒಳಗಿಂದ ಬರುತ್ತಲೇ ಇತ್ತು. ಭಾವಮೈದರು ಅಡುಗೆಮನೆ ಕಡೆ ತಿರುಗಿ, “ಅಕ್ಕಾ, ಇಲ್ಲಿ ಸ್ವಲ್ಪ ನೀರು!” ಎಂದರು. ಅತ್ತಿಗೆ ತಂದು ಕೊಟ್ಟರು. ನಮ್ಮವರು ತಟ್ಟೆಯಲ್ಲಿದ್ದ ಕೋಳಿ ಕಾಲನ್ನೇ ನೋಡುತ್ತಿದ್ದರು.

ಮ್ಯಾನೇಜರ್ ಹೆಂಡತಿ ಬೆರಳು ಚೀಪುತ್ತಾ, “ಸೂಪರ್ ಆಗಿದೆ! ಅಡುಗೆಗೆ ಎಲ್ಲಿಂದ ಕರೆಸಿದ್ರಿ? ನಂಬರ್ ಕೊಡಿ, ನಮ್ಮಲ್ಲೂ ಒಂದು ಫಂಕ್ಷನ್ ಇದೆ” ಎಂದರು.

ನನ್ನ ಮೈ ಉರಿಯಿತು. “ಅವ್ರು ನಮ್ಮ ಅತ್ತಿಗೆ. ಇವರ ಸ್ವಂತ ಅಕ್ಕ.”

“ಅಯ್ಯೋ, ಹೌದಾ! ಸಾರಿ ಸಾರಿ. ಮನೆಯವರೇ ಇದ್ರೆ ಟೆನ್ಷನ್ನೇ ಇಲ್ಲ ನೋಡಿ, ನೀವು ಲಕ್ಕಿ” ಎಂದು ಇನ್ನೊಂದು ಕಡಂಬುಟ್ಟು ಹಾಕಿಸಿಕೊಂಡರು. ಓದಿದವರು, ನಾಲ್ಕೂರು ಕಂಡವರು. ಅವರನ್ನೂ ಕರೆಯಿರಿ, ಜೊತೆಗೇ ಕೂರಲಿ ಎಂದು ಎದ್ದು ಜಾಗ ಕೊಡಬೇಕು ಎಂದು ಆ ಎಂಟು ಜನರಲ್ಲಿ ಒಬ್ಬರಿಗೂ ಅನಿಸಲಿಲ್ಲ. ನನ್ನ ಗೆಳತಿಗೂ ಅನಿಸಲಿಲ್ಲ!

ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಅತ್ತಿಗೆಯನ್ನು ಕರೆಯಲು ಒಳಗೆ ಹೋದೆ. ಅವರು ಕಟ್ಟೆಗೆ ಒರಗಿ ನಿಂತು ಉಣ್ಣುತ್ತಿದ್ದರು. ಮುಚ್ಚಳದಲ್ಲಿ ಇದ್ದದ್ದು ನಾನು ಕೆಡಿಸಿದ್ದ ಆ ಅಂಟು, ಮೇಲೆ ಎರಡು ಸೌಟು ಸಾರು. ತಿಳಿಹಳದಿ ಸೀರೆಯ ಮೇಲೆ ಅಂಗೈಯಗಲ ಕಪ್ಪು ಕಾಚಂಪುಳಿ ಕಲೆ.

“ಬನ್ನಿ ಅತ್ತಿಗೆ, ಟೇಬಲ್ಲಿಗೆ ಬನ್ನಿ.”

“ನಂಗೆ ಬೊತ್ತು” ಎಂದರು. ಅವರ ಅರೆಭಾಷೆಯಲ್ಲಿ ಬೇಡ ಎನ್ನುವುದು ಹೀಗೆ. “ಇದನ್ನು ಹಾಳು ಮಾಡುವುದು ಎಂತಕ್ಕೆ? ಹೊಟ್ಟೆ ತುಂಬಿತು.”

ಎಲ್ಲರೂ ಹೋದ ಮೇಲೆ ನಮ್ಮವರಿಗೆ ಸಹಸ್ರನಾಮ ಮಾಡಿದೆ. ಅವರು ಶಾಂತವಾಗಿ ಏನೆಂದರು ಗೊತ್ತಾ? “ಅಕ್ಕನಿಗೆ ಅದೇ ಖುಷಿ ಕಣೇ.”

ಈ ಮಾತನ್ನು ನೀವು ಎಷ್ಟು ಮನೆಗಳಲ್ಲಿ ಕೇಳಿಲ್ಲ? ಅಮ್ಮನಿಗೆ ಅದೇ ಖುಷಿ. ಚಿಕ್ಕಮ್ಮನಿಗೆ ಸುಮ್ಮನೆ ಕೂತರೆ ಆಗುವುದಿಲ್ಲ. ಅತ್ತೆಗೆ ತಣ್ಣನೆಯ ಅನ್ನವೇ ಇಷ್ಟ. ಯಾರು ಹೇಳಿದ್ದು? ಉಂಡು ಕೈ ತೊಳೆದವರು ಹೇಳಿದ್ದು! ನಮಗೆ ಅನುಕೂಲವಾದದ್ದೆಲ್ಲ ಅವರ ಖುಷಿ ಆಗಿಬಿಡುತ್ತದಲ್ಲ, ಇದು ಯಾವ ಊರಿನ ನ್ಯಾಯ?

ಮರುದಿನ ಬೆಳಿಗ್ಗೆ ಅತ್ತಿಗೆಯನ್ನು ಟೇಬಲ್ಲಿನ ಮುಂದೆ ಕೂರಿಸಿ ಕಾಫಿ ಕೊಟ್ಟು ನೇರವಾಗಿ ಕೇಳಿದೆ. “ನಿಜ ಹೇಳಿ. ಎಲ್ಲರ ಮನೆಯಲ್ಲೂ ಅಡುಗೆ ಮಾಡೋದು ನಿಮಗೆ ಖುಷಿನಾ?”

ಅತ್ತಿಗೆ ಲೋಟ ಕೆಳಗಿಟ್ಟರು. ಈ ಪ್ರಶ್ನೆಯನ್ನು ಯಾರೂ ಕೇಳಿದಂತಿರಲಿಲ್ಲ. “ಮೊದಲು ಇತ್ತು. ಈಗ ಮಂಡಿ ನೋವು ಮಾರಾಯ್ತಿ, ನಿಲ್ಲಲಿಕ್ಕೆ ಆಗುವುದಿಲ್ಲ. ಆದ್ರೆ ಸುಮ್ನೆ ಕೂತ್ರೆ ನನ್ನನ್ನು ಯಾರು ಕರೀತಾರೆ?”

ನಾನು ಕರೀತೀನಿ ಅತ್ತಿಗೆ, ಎನ್ನಬೇಕಿತ್ತು. ಯಾವ ಬಾಯಲ್ಲಿ ಹೇಳಲಿ?

ಬಸ್ಸಿನ ಹೊತ್ತಾಯಿತು. ಕಲೆ ಹೋಗದ ಹಳದಿ ಸೀರೆ ಬ್ಯಾಗಿಗೆ ಸೇರಿತು. ನೆನಪಾಗಿ ಬೀರುವಿನ ಬೀಗ ತೆಗೆದು ಆ ಹಳೇ ಸೀರೆಯನ್ನು ತಂದು ಕೈಗಿಟ್ಟೆ. ಅತ್ತಿಗೆ ಅದನ್ನು ನೀಟಾಗಿ ಮಡಿಸಿ ನನಗೇ ವಾಪಸ್ ಕೊಟ್ಟರು.

“ಇದು ಇಲ್ಲೇ ಇರ್ಲಿ. ಮುಂದಿನ ಸಲ ಬೇಕಾಗ್ತದಲ್ಲ.”

ಹೇಳಿ, ನಾನು ಅವರನ್ನು ಕರೆದದ್ದು ಊಟಕ್ಕಾ?