ಪೆಡಲ್ ಮೇಲಿನ ಕಾಲು
ಕ್ಲಚ್ಚಿನ ಎಣ್ಣೆ ಪೈಪಿನೊಳಗೆ ಗಾಳಿ ಸೇರಿತೆಂದರೆ ಗ್ಯಾರೇಜಿನ ಯಜಮಾನರಿಗೆ ಮನೆಗೆ ಕಳ್ಳ ನುಗ್ಗಿದಷ್ಟು ಸಿಟ್ಟು. ಅವರು ಕಾರಿನಡಿ ಮಲಗಿ 'ಒತ್ತಿ' ಎಂದಾಗ ಸೀಟಿನಲ್ಲಿ ಕೂತವರು ಪೆಡಲ್ ಒತ್ತಬೇಕು, 'ಬಿಡಿ' ಎನ್ನುವವರೆಗೆ ಬಿಡಬಾರದು; ಗಾಳಿ ಹೊರಬಿಡಲು ಸಡಿಲಿಸಿದ ತಿರುಪನ್ನು ಅವರು ಬಿಗಿಯುವ ಮೊದಲೇ ಬಿಟ್ಟು, ಹೊರಟಿದ್ದ ಗಾಳಿಯನ್ನು ಮತ್ತೆ ಒಳಗೆ ಕರೆದ ಗಿರಾಕಿಗೆ ಅಲ್ಲೇ ಮಂಗಳಾರತಿ. ಹಾಗಾಗಿ ಅವರು ನಂಬುವುದು ಹೆಂಡತಿಯ ಕಾಲೊಂದನ್ನೇ. ಜಗಳವಾಡಿ ಮಾತು ಬಿಟ್ಟ ದಿನವೂ ಆಕೆ ಮುಖ ಊದಿಸಿಕೊಂಡೇ ಬಂದು ಸೀಟಿನಲ್ಲಿ ಕೂರುತ್ತಾರೆ. "ಒತ್ತು." "ಒತ್ತಿದೀನಿ." "ಬಿಡು." "ಬಿಟ್ಟೆ." ತಿರುಪಿಗೆ ಸಿಕ್ಕಿಸಿದ ಪಾರದರ್ಶಕ ಕೊಳವೆಯಲ್ಲಿ ಎಣ್ಣೆಯ ಜೊತೆ ಗುಳ್ಳೆ ಬರುವುದು ನಿಂತು, ಪೆಡಲ್ ಗಟ್ಟಿಯಾದ ಮೇಲೂ ಸೀಟಿನಿಂದ ಮೆಲ್ಲನೆ ದನಿ ಬರುತ್ತದೆ: "ಇನ್ನೂ ಸ್ವಲ್ಪ ಮೆತ್ತಗಿದೆ ಕಣ್ರೀ." ಒಂದು ಗುಳ್ಳೆಯೂ ಇಲ್ಲದ ಕೊಳವೆಯನ್ನೇ ನೋಡುತ್ತಾ ಯಜಮಾನರು ಹೇಳುತ್ತಾರೆ: "ಹಂಗಾದ್ರೆ ಇನ್ನೊಂದ್ಸಲ ಒತ್ತು."