ಹಕ್ಕಿ ರೊಟ್ಟಿ

ಕೆಂಪಮ್ಮ, ಆ ದಿನ ನಿನ್ನನ್ನು ನಗೆಪಾಟಲು ಮಾಡಿದವಳು ನಾನೇ. ತಿಳಿಯದೆ ಅಲ್ಲ, ಬೇಕೆಂದೇ. ತಪ್ಪನ್ನು ಸರಿ ಎಂದು ಹೇಳಿಕೊಟ್ಟೆ — ನೀನು ನಂಬಿದೆ.

ಐವತ್ತರ ದಶಕದ ಕೊನೆ. ಜಯನಗರದ ಮನೆಗಳಲ್ಲಿ ಇನ್ನೂ ಹಸಿ ಸುಣ್ಣದ ವಾಸನೆ. ನೀನು ಜರಗನಹಳ್ಳಿಯಿಂದ ನಡೆದು ನಮ್ಮ ಹೈಸ್ಕೂಲಿಗೆ ಬರುತ್ತಿದ್ದೆ. ಹಾಲಿಗೆ ‘ಆಲು’ ಎನ್ನುತ್ತಿದ್ದೆ, ಹೂವಿಗೆ ‘ಊವು’. ಅಷ್ಟಕ್ಕೇ ನಾವು ನಿನಗೆ ‘ಹಳ್ಳಿ ಗುಗ್ಗು’ ಎಂದು ಹೆಸರಿಟ್ಟೆವು. ಗುಗ್ಗು! ಲೆಕ್ಕದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿದವಳು ನೀನು. ನಿಮ್ಮಂಥವರ ಹೊಲಗಳ ಮೇಲೆ ಮನೆ ಕಟ್ಟಿಕೊಂಡು, ನೀವು ಬೆಳೆದ ಅವರೆಕಾಯಿ ತಿಂದು, ಬಾಯಿ ಒರೆಸಿಕೊಂಡು ನಿಮ್ಮ ಮಾತನ್ನೇ ಆಡಿಕೊಳ್ಳುತ್ತಿದ್ದೆವಲ್ಲ, ನಮಗೆ ಯಾವ ಹೆಸರಿಡಬೇಕಿತ್ತು?

ಎಸ್ಸೆಸ್ಸೆಲ್ಸಿ ಮುಗಿದ ವರ್ಷ ನಿಮ್ಮೂರಿನ ಶಿಶುವಿಹಾರಕ್ಕೆ ಟೀಚರ್ ಬೇಕೆಂಬ ಸುದ್ದಿ ಬಂತು. ಕೆಲಸ ಸಿಕ್ಕರೆ ಎರಡು ವರ್ಷ ಮದುವೆಯ ಮಾತೆತ್ತುವುದಿಲ್ಲವೆಂದು ನಿಮ್ಮಪ್ಪ ಒಪ್ಪಿದ್ದರು. ಇಂಟರ್‌ವ್ಯೂ ಹಿಂದಿನ ದಿನ ನೀನು ನಮ್ಮ ಜಗಲಿಗೆ ಬಂದು ಕೂತೆ.

“ಸರಸಾ, ನಂಗೆ ಆಲು, ಊವಿನ ಆ ಅಕ್ಸರ ಬರಾಕಿಲ್ಲ ಕಣೆ. ಎಲ್ಲೆಲ್ಲಿ ಆಕ್ಬೇಕು, ಒಸಿ ಯೋಳ್ಕೊಡು.”

ಹೇಳಿಕೊಡಬಹುದಿತ್ತು. ಒಂದು ಸಂಜೆಯ ಕೆಲಸ. ಆದರೆ ಕಿಟಕಿಯ ಹಿಂದೆ ನನ್ನ ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು, ಅವರನ್ನು ನಗಿಸುವ ಚಪಲ ನನಗೆ — ಛೆ.

“ತುಂಬಾ ಸುಲಭ ಕಣೆ. ‘ಅ’ ಬಂದ ಕಡೆಯೆಲ್ಲ ‘ಹ’ ಅಂದ್ಬಿಡು” ಎಂದೆ. ನೀನು ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತ ಹೋದೆ.

ಮರುದಿನ ನಾನೂ ಜೊತೆಗೆ ಬಂದೆ. ಧೈರ್ಯ ಹೇಳಲಿಕ್ಕಲ್ಲ, ಕೇಳಿಸಿಕೊಳ್ಳಲಿಕ್ಕೆ. ಬಾಗಿಲು ತೆರೆದೇ ಇತ್ತು. ಒಳಗಿದ್ದ ಮೂವರಲ್ಲಿ ಒಬ್ಬರು ಬೆಳಿಗ್ಗೆ ಏನು ತಿಂಡಿ ತಿಂದೆ ಎಂದು ಸುಮ್ಮನೆ ಕೇಳಿದರು.

“ಹಕ್ಕಿ ರೊಟ್ಟಿ, ಸಾರ್. ನಮ್ಮ ಹಮ್ಮ ಮಾಡಿದ್ರು.”

“ಯಾವ ಹಕ್ಕೀದಮ್ಮಾ? ಗುಬ್ಬಚ್ಚೀದಾ?”

ಮೂವರೂ ಮೇಜು ತಟ್ಟಿ ನಕ್ಕರು. ಅಳುವ ಮಗುವನ್ನು ಹೇಗೆ ಸಮಾಧಾನ ಮಾಡುತ್ತೀಯ ಎಂದು ಒಬ್ಬರಾದರೂ ಕೇಳಲಿಲ್ಲ. ಓದಿದವರಂತೆ, ದೊಡ್ಡವರಂತೆ! ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರ ಕೈಗೆ ಕಲ್ಲು ಕೊಟ್ಟವಳು ನಾನು.

ಹೊರಗೆ ಬಂದ ನೀನು ಕೇಳಿದೆ, “ಸರಿಯಾಗಿ ಹೇಳಿದ್ನಾ?”

ಆ ‘ಹ’ವನ್ನು ಎಷ್ಟು ಜೋಪಾನವಾಗಿ ಉಚ್ಚರಿಸಿದೆ — ಅದೊಂದು ಸರಿಯಾಗಿಯೇ ಇತ್ತು. ನಾನು “ಚೆನ್ನಾಗಿತ್ತು” ಎಂದೆ.

ಕೆಲಸಕ್ಕೆ ಪೇಟೆಯಿಂದ ಬಸ್ಸಿನಲ್ಲಿ ಬರುವ ಒಬ್ಬರು ಸೇರಿದರು. ಮಕ್ಕಳ ಮಾತು ತಿಳಿಯುವುದಿಲ್ಲವೆಂದು ಮೂರು ತಿಂಗಳಲ್ಲೇ ಬಿಟ್ಟರು. ಅಷ್ಟರಲ್ಲಿ ನಿನ್ನ ಮದುವೆ ಮುಗಿದಿತ್ತು. ಆಮೇಲೆ ನಮ್ಮ ಬಡಾವಣೆಯ ಅಂಗಡಿಗೆ ಬಂದರೆ ನೀನು ಬಾಯಿ ಬಿಡುತ್ತಿರಲಿಲ್ಲ, ಬೇಕಾದ್ದನ್ನು ಬೆರಳಿನಲ್ಲಿ ತೋರಿಸುತ್ತಿದ್ದೆ. ಯಾರು ಹಾಗೆ ಹೇಳಿಕೊಟ್ಟರೆಂದು ನೀನು ಒಬ್ಬರಿಗೂ ಹೇಳಲಿಲ್ಲ. ನಾನೋ — ಕನ್ನಡ ಮೇಷ್ಟ್ರಮ್ಮನಾದೆ. ನಿಮ್ಮ ಕಡೆಯ ಮಕ್ಕಳು ಬಿಟ್ಟ ‘ಹ’ಕ್ಕೆಲ್ಲ ಕೆಂಪು ಗೆರೆ ಎಳೆದೆ.

ಈಗ ನಿನ್ನ ಮೊಮ್ಮಕ್ಕಳು ನಿನ್ನನ್ನು ‘ಹಕ್ಕಿ ರೊಟ್ಟಿ ಅಜ್ಜಿ’ ಎಂದು ರೇಗಿಸುತ್ತಾರಂತೆ. ನೀನೂ ನಗುತ್ತೀಯಂತೆ. ನಗಬೇಡ, ಕೆಂಪಮ್ಮ. ಭಾನುವಾರ ಬರುತ್ತೇನೆ, ಅವರನ್ನೆಲ್ಲ ಕೂರಿಸಿಕೊಂಡಿರು. ಆ ‘ಹ’ ನಿಮ್ಮಜ್ಜಿಯದಲ್ಲ, ನನ್ನದು ಎಂದು ನಾನೇ ಅವರಿಗೆ ಹೇಳಬೇಕು.