ದೊಡ್ಡಕ್ಕ ತಂದ ಆರು ಸಹಿ

ನಾನು ಶಿಶುವಿಹಾರದ ಅಡುಗೆಯವಳು. ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡ್ತೀನಿ. ಹಸುಗೂಸುಗಳ ಕೋಣೆ ನೋಡಿಕೊಳ್ಳೋ ದೊಡ್ಡಕ್ಕನನ್ನು ಹನ್ನೊಂದು ವರ್ಷ ಗೋಳು ಹೊಯ್ದುಕೊಂಡವಳೂ ನಾನೇ. ಐದು ಗಂಟೆ ಹೊಡೆಯೋದೇ ತಡ, ಅವರು ಚೀಲ ಹೆಗಲಿಗೇರಿಸಿ, "ಬರ್ತೀನಿ, ಮನೇಲಿ ಕಾಯ್ತಿರ್ತಾರೆ" ಅನ್ನೋರು. ಒಂದು ಲೋಟ ಚಹಾಕ್ಕೂ ನಿಂತವರಲ್ಲ.

"ನಿಮಗೇನ್ರೀ, ಕಾಯೋರಿದ್ದಾರೆ. ನಮ್ಮನೇಲಿ ನನಗೆ ಕಾಯೋದು ಮುಸುರೆ ಪಾತ್ರೆ" ಅಂತ ನಾನು ಕಿಚಾಯಿಸ್ತಿದ್ದೆ. ಅವರು ನಕ್ಕು ಚಪ್ಪಲಿ ಮೆಟ್ಟಿಕೊಳ್ಳೋರು.

ಈ ವರ್ಷ ಹೊಸ ನಿಯಮ ಬಂತು. ಮಕ್ಕಳ ಜೊತೆ ಇರೋರೆಲ್ಲ ಪ್ರಥಮ ಚಿಕಿತ್ಸೆ ಕಲಿತು ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಹಿಂದಿನ ಕಟ್ಟಡದಲ್ಲಿ ಬಟ್ಟೆ ಒಗೆಯೋ ಕೆಲಸ, ಕೂಸುಗಳನ್ನು ಎತ್ತಿಕೊಳ್ಳೋ ಹಾಗಿಲ್ಲ. ಅಡುಗೆಯವಳನ್ನೂ ಬಿಡಲಿಲ್ಲ, ಸೌಟು ಹಿಡಿಯೋ ಕೈಗೆ ಬ್ಯಾಂಡೇಜ್ ಕೊಟ್ಟರು.

ಕಲಿಸೋಕೆ ಬಂದ ನರ್ಸ್ ನನ್ನ ಮಗಳ ವಯಸ್ಸಿನವಳು. ಗಂಟಲಲ್ಲಿ ರಬ್ಬರ್ ಮಣಿ ಸಿಕ್ಕಿಸಿದ ಗೊಂಬೆ ತಂದಿದ್ದಳು. ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಅಂಗೈ ಬುಡದಿಂದ ಬೆನ್ನಿಗೆ ಐದು ಏಟು. ಸರಿಯಾಗಿ ಬಿದ್ದರೆ ಮಣಿ ಹೊರಗೆ. ನನ್ನದು ಮೂರನೇ ಏಟಿಗೇ ಕಿಟಕಿ ಹತ್ತಿರ ಹೋಗಿ ಬಿತ್ತು. ನನ್ನ ಸಿಟ್ಟು ಅಂತೂ ಒಂದು ಕೆಲಸಕ್ಕೆ ಬಂತು.

ದೊಡ್ಡಕ್ಕ ಐದಲ್ಲ, ಹದಿನೈದು ಸಲ ತಟ್ಟಿದರು. ಮಣಿ ಅಲ್ಲಾಡಲಿಲ್ಲ.

"ಅಮ್ಮಾ, ಹೀಗೆ ತಟ್ಟಿದ್ರೆ ಮಗು ನಿದ್ದೆ ಮಾಡುತ್ತೆ. ಹೊಡೀಬೇಕು" ಅಂದಳು ನರ್ಸ್.

"ಕೂಸಿಗೆ ಹೊಡೆಯೋಕೆ ಕೈ ಬರಲ್ಲ ಕಣಮ್ಮ."

ನರ್ಸ್ ಒಂದು ಹಾಳೆ ಕೊಟ್ಟಳು. ವಾರವಿಡೀ ಮನೇಲಿ ಟವೆಲನ್ನು ಕೂಸಿನ ಹಾಗೆ ಸುತ್ತಿಟ್ಟುಕೊಂಡು ಅಭ್ಯಾಸ ಮಾಡಬೇಕು, ದಿನವೂ ಮನೆಯವರು ಯಾರಾದರೂ ನೋಡಿ ಸಹಿ ಹಾಕಬೇಕು, ಏನು ಸಂಬಂಧ ಅಂತ ಪಕ್ಕದಲ್ಲಿ ಬರೀಬೇಕು. ಏಳು ಸಾಲು. "ನಿಮ್ಮನೆಯವರು ಪೈಪೋಟಿ ಮೇಲೆ ಸಹಿ ಹಾಕ್ತಾರೆ ಬಿಡಿ" ಅಂದೆ ನಾನು. ದೊಡ್ಡಕ್ಕನ ಮುಖ ಸಪ್ಪಗಾಯಿತು. ಪರೀಕ್ಷೆಯ ಭಯ ಇರಬೇಕು ಅಂದುಕೊಂಡೆ.

ಮುಂದಿನ ವಾರ ನರ್ಸ್ ಹಾಳೆ ತೆಗೆದುಕೊಂಡು ಎಲ್ಲರೆದುರೇ ಓದಿದಳು. "ಔಷಧಿ ಅಂಗಡಿಯವರು. ಬಸ್ ಕಂಡಕ್ಟರ್. ಮೂಲೆಮನೆ ಟೈಲರ್. ಮತ್ತೆ ಬಸ್ ಕಂಡಕ್ಟರ್..." ಅಷ್ಟಕ್ಕೇ ನಿಲ್ಲಿಸಿದಳು. ಕೊನೆಯ ಸಾಲು ಖಾಲಿ ಇತ್ತು.

"ಅಮ್ಮಾ, ಮನೆಯವರು?"

ದೊಡ್ಡಕ್ಕ ಕೈಯಲ್ಲಿದ್ದ ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಮನೇಲಿ ಯಾರೂ ಇಲ್ಲಮ್ಮ. ನಾನೊಬ್ಬಳೇ. ನಿನ್ನೆ ಯಾರಿಗೂ ಪುರುಸೊತ್ತಿರಲಿಲ್ಲ."

ಹನ್ನೊಂದು ವರ್ಷ ಬಾಯಲ್ಲಿ ಸುಳ್ಳು ಹೇಳಿದ ಹೆಂಗಸಿಗೆ, ಕೂಸಿನ ಉಸಿರಿಗೆ ಸಂಬಂಧಪಟ್ಟ ಕಾಗದದಲ್ಲಿ ಸುಳ್ಳು ಬರೆಯೋಕೆ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಹತ್ತು ಜನರ ಮಧ್ಯೆ ಟವೆಲ್‌ಗೆ ಹೊಡೆದು, ಕಂಡಕ್ಟರ್ ಮುಂದೆ ಪೆನ್ನು ಹಿಡಿದಿದ್ದಾರೆ. ಇಡೀ ದಿನ ಪಕ್ಕದಲ್ಲೇ ಇದ್ದ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನಗೆ ಗೊತ್ತಾಗಿಬಿಡುತ್ತಿತ್ತಲ್ಲ. ಆ ಕೂಸುಗಳು ಬಿಟ್ಟರೆ ಅವರ ಮೈಗೆ ಒರಗೋ ಜೀವ ಇನ್ನೊಂದಿಲ್ಲ ಅಂತ ನನಗೆ ತಿಳಿದದ್ದು ಆವಾಗ. ಬಟ್ಟೆ ಒಗೆಯೋಕೆ ಕಳಿಸಿದರೆ ಅದೂ ಇಲ್ಲ.

ನರ್ಸ್ ಗೊಂಬೆ ಕೊಟ್ಟಳು. ಮೊದಲೆರಡು ಏಟು ಮೆತ್ತಗೆ ಬಿದ್ದವು. ಮೂರನೆಯದು ಪರವಾಗಿಲ್ಲ. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು ನಾಲ್ಕನೆಯದನ್ನು ಹೊಡೆದರು. ಮಣಿ ಉರುಳಿಕೊಂಡು ನನ್ನ ಕಾಲ ಬಳಿ ಬಂತು.

"ಪಾಸು" ಅಂತ ನರ್ಸ್ ಬರೆದುಕೊಂಡಳು. ದೊಡ್ಡಕ್ಕ ಗೊಂಬೆಯನ್ನು ಕೆಳಗಿಡಲಿಲ್ಲ. ಹೆಗಲಿಗೆ ಹಾಕಿಕೊಂಡು, ಏಟು ಬಿದ್ದ ಜಾಗ ಸವರುತ್ತಾ, "ಆಯ್ತು, ಆಯ್ತು" ಅನ್ನುತ್ತಿದ್ದರು. ವಾಪಸ್ ಕೊಡಿ ಅಂತ ಕೇಳೋ ಧೈರ್ಯ ಯಾರಿಗೂ ಬರಲಿಲ್ಲ.

ಐದು ಗಂಟೆ ಆಯಿತು. ದೊಡ್ಡಕ್ಕ ಚೀಲ ಹೆಗಲಿಗೇರಿಸಿ ಅಡುಗೆಮನೆ ಬಾಗಿಲಿಗೆ ಬಂದರು. "ಬರ್ತೀನಿ, ಮನೇಲಿ ಕಾಯ್ತಿರ್ತಾರೆ" ಅನ್ನೋ ಮಾತು ಅಭ್ಯಾಸಬಲದಿಂದ ಬಂದೇಬಿಟ್ಟಿತು. ಆಡಿದ ಮೇಲೆ ಅವರೇ ಗರಬಡಿದವರ ಹಾಗೆ ನಿಂತರು.

ಒಲೆ ಮೇಲೆ ಚಹಾ ಕುದಿಯುತ್ತಿತ್ತು. ಕುಡಿದು ಹೋಗಿ ಅನ್ನಬಹುದಿತ್ತು. ಇಷ್ಟು ಜೋರು ಬಾಯಿಗೆ ಅಷ್ಟು ಮಾತು ಬರಲಿಲ್ಲ.

"ಹೂಂ ದೊಡ್ಡಕ್ಕ, ಹೊರಡಿ. ಅವರನ್ನ ಕಾಯಿಸಬೇಡಿ" ಅಂದೆ.